ನೆಲದ ಹೊಲಿಗೆ

“ಬುಡಕ್ಕೆ ಹಾರೆ ಹಾಕ್ಬೇಡಿ ಮೇಷ್ಟ್ರೇ. ಅಲ್ಲಿ ಇರುವೆ ಗೂಡೈತೆ, ಜೀವ ಹೋಗ್ತವೆ.”

ಜಿನದಾಸಪ್ಪ ಈ ಮಾತು ಹೇಳುತ್ತ ಬಂದು ಹನ್ನೊಂದು ವರ್ಷವಾಗಿತ್ತು. ಹಳೇಬೀಡಿನ ಬಸದಿಗಳ ಹಿಂದಿನ ರಾಗಿ ಹೊಲ ಅವರದು. ಹೊಲದ ನಡುವೆ, ಮಲಗಿದ ಎತ್ತಿನಷ್ಟು ದೊಡ್ಡದಾಗಿ ಮಣ್ಣಿನಿಂದ ಎದ್ದಿದ್ದ ಕರಿಕಲ್ಲು ಮಾತ್ರ ಅರಸೀಕೆರೆ ಕಾಲೇಜಿನ ಭೂಗರ್ಭಶಾಸ್ತ್ರದ ಮೇಷ್ಟ್ರು ಸಂಪತ್ಕುಮಾರರದು ಎಂದು ಊರವರು ತಮಾಷೆ ಮಾಡುತ್ತಿದ್ದರು. ಜೈನರ ಹೊಲದಲ್ಲಿ ಇರುವೆ ಕೊಲ್ಲುವುದುಂಟೇ ಎಂದು ಮೇಷ್ಟ್ರು ಇಷ್ಟು ಕಾಲವೂ ಮೇಲಿನಿಂದಲೇ ಚೂರು ಒಡೆದು ಒಯ್ದಿದ್ದರು.

ಅವರ ವಾದ ಇಷ್ಟೇ. ಕೋಟಿ ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲವಿರಲಿಲ್ಲ, ಸಮುದ್ರವಿತ್ತು. ಸಮುದ್ರದೊಳಗೆ ಸಾಲು ಸಾಲು ಜ್ವಾಲಾಮುಖಿಗಳು ಉಕ್ಕಿ ದ್ವೀಪಗಳಾದವು. ದ್ವೀಪಗಳು ಸರಿದು ಬಂದು ಒಂದಕ್ಕೊಂದು ಡಿಕ್ಕಿ ಹೊಡೆದು ಕೂಡಿಕೊಂಡವು. ಹೀಗೆ ಕೂಡಿದ್ದೇ ನಮ್ಮ ಕಾಲ ಕೆಳಗಿನ ಭೂಖಂಡ. ಕೂಡಿದ ಕಡೆ ಸಮುದ್ರದ ತಳದ ಕಲ್ಲು ಹಿಂಡಿಕೊಂಡು ಮೇಲೆದ್ದಿರಬೇಕು. ಅದೇ ನೆಲದ ಹೊಲಿಗೆ. ಸುತ್ತ ಹರದಾರಿ ದೂರ ಬರೀ ಬೂದುಬಣ್ಣದ ಕಲ್ಲಿರುವಲ್ಲಿ ಈ ಒಂದು ಕರಿಕಲ್ಲು ಮತ್ತೇನು?

ಆ ದಿನ, ನಾಡಿನ ಕಲ್ಲುಗಳ ಹೊಸ ನಕ್ಷೆ ಬರೆಯುತ್ತಿದ್ದ ಪ್ರೊಫೆಸರೇ ಬೆಂಗಳೂರಿನಿಂದ ಜೀಪಿನಲ್ಲಿ ಬಂದಿದ್ದರು. ಅವರು ಹೂಂ ಎಂದರೆ ಆ ನಕ್ಷೆಯಲ್ಲಿ ಹೊಲಿಗೆಯ ಗೆರೆ, ಗೆರೆಯ ಪಕ್ಕದಲ್ಲಿ ಸಂಪತ್ಕುಮಾರರ ಹೆಸರು ಬರುತ್ತಿತ್ತು. ಮುಂದಿನ ವರ್ಷ ನಿವೃತ್ತಿ. ಬದುಕಿನಲ್ಲಿ ಅವರು ಬೇರೇನನ್ನೂ ಕಂಡುಹಿಡಿದಿರಲಿಲ್ಲ.

“ಎಲ್ಲಾ ಸರಿ. ಆದರೆ ಕಲ್ಲು ಕೆಳಗೆ ಎಷ್ಟು ಇಳಿದಿದೆ ನೋಡಬೇಕಲ್ಲ,” ಎಂದರು ಪ್ರೊಫೆಸರ್.

“ಒಂದೇ ಒಂದು ಮೊಳ, ಜಿನದಾಸಪ್ಪ. ಇರುವೆಗಳನ್ನ ನಾನೇ ಕೈಯಾರೆ ಆಚೆ ಬಿಡ್ತೀನಿ,” ಎಂದು ಮೇಷ್ಟ್ರು ಕೈ ಮುಗಿದರು. ಜಿನದಾಸಪ್ಪ ಹಾರೆಯತ್ತ ಒಂದು ಹೆಜ್ಜೆ ಇಟ್ಟರು. ಆಮೇಲೆ ಮುಖ ಆಚೆ ತಿರುಗಿಸಿ ನಿಂತರು.

ಒಂದು ಮೊಳ ಅಗೆಯುವ ಮೊದಲೇ ಕಲ್ಲು ಮುಗಿಯಿತು. ಅಡಿ ಸಪಾಟಾಗಿತ್ತು, ತುಂಬ ಉಳಿಯ ಗುರುತು. ಅಂಚಿನಲ್ಲಿ, ಬಂಡೆ ಸೀಳುವವರು ಬೆಣೆ ಹೊಡೆಯಲು ಕೊರೆದ ಮೂರು ಚೌಕ ಗುಳಿಗಳು. ಅದರ ಕೆಳಗೆ ಕೆಮ್ಮಣ್ಣು, ಗರಿಕೆಯ ಬೇರು. ಹಳೇಬೀಡಿನಲ್ಲಿ ಕರಿಕಲ್ಲು ಕಂಡರೆ ದನ ಕಾಯುವವರೂ ದೇವಸ್ಥಾನದ್ದು ಎನ್ನುತ್ತಾರೆ. ಓದಿದವರಿಗೇ ಅದು ಹೊಳೆದಿರಲಿಲ್ಲ.

ಪ್ರೊಫೆಸರ್ ನಕ್ಷೆ ಮಡಚಿದರು. “ನಮ್ಮ ಕೆಲಸದಲ್ಲಿ ಇದೆಲ್ಲ ಇದ್ದದ್ದೇ ಸಂಪತ್ಕುಮಾರ್,” ಎಂದು ಹೆಗಲು ತಟ್ಟಿ ಜೀಪಿನತ್ತ ನಡೆದರು. ಬೈದಿದ್ದರೂ ಮೇಷ್ಟ್ರಿಗೆ ಅಷ್ಟು ನೋವಾಗುತ್ತಿರಲಿಲ್ಲ.

“ಒಂದು ಇರುವೆಯೂ ಇಲ್ಲವಲ್ಲ, ಜಿನದಾಸಪ್ಪ?”

“ಯಾವತ್ತೂ ಇರ್ಲಿಲ್ಲ ಮೇಷ್ಟ್ರೇ.” ಜಿನದಾಸಪ್ಪ ತಲೆ ಎತ್ತಲಿಲ್ಲ. “ಬಸದಿಗೆ ಅಂತ ತಂದ ಕಲ್ಲು, ಗಾಡಿ ಅಚ್ಚು ಮುರಿದು ಇಲ್ಲೇ ಬಿಟ್ಟೋದ್ರು ಅಂತ ನಮ್ಮ ತಾತ ಹೇಳೋರು. ಮೊದಲ್ನೇ ದಿನ ನೀವು ಇದನ್ನ ತಬ್ಕೊಂಡು, ಸಮುದ್ರದ ತಳದಿಂದ ಎದ್ದು ಬಂದೈತೆ ಅಂದ್ರಿ. ನಿಮ್ಮ ಕಣ್ಣಲ್ಲಿ ನೀರಿತ್ತು. ನಂಗೆ ಬಾಯಿ ಬರ್ಲಿಲ್ಲ. ಸುಳ್ಳಿನ ಪಾಪ ನಂಗೇ ಇರ್ಲಿ ಅಂದ್ಕೊಂಡೆ.”

ಮೇಷ್ಟ್ರು ಗುಂಡಿಯ ಅಂಚಿನಲ್ಲಿ ಕುಳಿತರು. ಸಿಟ್ಟು ಮಾಡುವ ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ.

“ಹೊಲಿಗೆ ಸುಳ್ಳಲ್ಲ ಜಿನದಾಸಪ್ಪ. ಎಲ್ಲೋ ಇದೆ, ಇಲ್ಲಿಲ್ಲ ಅಷ್ಟೆ. ಆವತ್ತೇ ಹೇಳಿದ್ದಿದ್ದರೆ ಒಂದು ವಾರ ಅತ್ತು, ಬೇರೆ ಕಡೆ ಹುಡುಕೋಕೆ ಹೋಗ್ತಿದ್ದೆ,” ಎಂದರು. “ಆಗ ನನಗೆ ನಲವತ್ತಾರು.”