ಎರಡನೆಯ ಸಾಕ್ಷಿ

“ನಿಮ್ಮ ಕಾಲಿಗೆ ಬೀಳ್ತೀನ್ರಿ ಗದ್ದೆಪ್ಪಣ್ಣ, ಈ ಸಹಿ ಒಂದು ನನ್ನ ಕೈಲೆ ಹಾಕಿಸಬ್ಯಾಡ್ರಿ,” ಎಂದು ಹನುಮಂತರಾಯ ಪೆನ್ನನ್ನು ಟೇಬಲ್ಲಿನ ಮೇಲಿಟ್ಟು ಹಿಂದಕ್ಕೆ ಸರಿದ. “ನನ್ನ ಕಿರಾಣಿ ಅಂಗಡಿ ಸಾಲಕ್ಕ ಜಾಮೀನು ನಿಂತಾಂವ ನಿಮ್ಮ ಮಗ. ಅವನ ಹೆಸರು ತಗಿಸೂ ಕಾಗದಕ್ಕ ನಾನೇ ಸಾಕ್ಷಿ ಹಾಕಿದ್ರ, ನಾಳಿ ಬಸ್ ಸ್ಟ್ಯಾಂಡಿನಾಗ ಅವನ ಮಾರಿ ಹೆಂಗ ನೋಡ್ಲಿ?”

“ಆತು, ಹೋಗಿ ಬಾರಪ್ಪ,” ಎಂದ ಗದ್ದೆಪ್ಪ. ಅವನಿಗೆ ಸಿಟ್ಟೂ ಬರಲಿಲ್ಲ. ಬೆಳಿಗ್ಗೆಯಿಂದ ಮಾನ್ವಿಯ ಈ ಪತ್ತಿನ ಸಹಕಾರಿ ಸಂಘಕ್ಕೆ ಬಂದ ಮೆಂಬರುಗಳೆಲ್ಲ ಇದೇ ಮಾತನ್ನು ಬೇರೆ ಬೇರೆ ಮುಖ ಮಾಡಿಕೊಂಡು ಹೇಳಿ ಹೋಗಿದ್ದರು. ಸಾಲ ಇಲ್ಲದ ಹಾಜಿರಾ ಬೀ ಒಬ್ಬಳು ಮಾತ್ರ, “ನಿಮ್ಮ ಮಗನ ಜಾಮೀನು ಇಲ್ಲದಾಕಿ ಅಂದ್ರ ಮಾನ್ವಿಯಾಗ ನಾನೊಬ್ಬಾಕಿ ಉಳದೀನಿ ನೋಡ್ರಿ,” ಎಂದು ನಕ್ಕು ಮೊದಲನೆಯ ಸಾಕ್ಷಿಯಾಗಿ ಸಹಿ ಹಾಕಿದ್ದಳು. ಇನ್ನೊಬ್ಬ ಮೆಂಬರಿನ ಸಹಿ ಬೇಕಾಗಿತ್ತು.

ಪೋತ್ನಾಳದ ಶಾಲೆಯಲ್ಲಿ ಜವಾನನಾಗಿ ದುಡಿದು ನಿವೃತ್ತನಾದಾಗ ಬಂದ ಹಣವನ್ನು ಗದ್ದೆಪ್ಪ ಇಲ್ಲಿ ಠೇವಣಿ ಇಟ್ಟಿದ್ದ. ನಾಮಿನಿ ಯಾರು ಅಂದಾಗ, ಇರೋ ಒಬ್ಬ ಮಗ ಹುಲಿಗೇಶ, ಬರ್ಕೊಳ್ರಿ ಅಂದಿದ್ದ. ಈಗ ಆ ಜಾಗದಲ್ಲಿ ಸೊಸೆ ಮೌನೇಶ್ವರಿಯ ಹೆಸರು ಬರೆಸಬೇಕು. ಸೋಮವಾರ ರಾಯಚೂರಿನಲ್ಲಿ ಗದ್ದೆಪ್ಪನಿಗೆ ಎದೆಯ ಆಪರೇಷನ್. ಇವತ್ತು ಶನಿವಾರ, ಸಂಘ ಮಧ್ಯಾಹ್ನಕ್ಕೇ ಮುಚ್ಚುತ್ತದೆ.

ಮಗ ಕೆಟ್ಟವನಲ್ಲ. ಕುಡಿಯುವವನಲ್ಲ, ಇಸ್ಪೀಟು ಮುಟ್ಟಿದವನಲ್ಲ. ಅವನಿಗಿದ್ದ ಕಾಯಿಲೆ ಒಂದೇ, ಭಿಡೆ. ಕಂಡಕ್ಟರ್ ಕೆಲಸದಲ್ಲಿ ಒಂದು ರೂಪಾಯಿ ಚಿಲ್ಲರೆಗೆ ಊರಿಂದ ಊರಿಗೆ ಜಗಳ ಆಡಿಕೊಂಡು ಹೋಗುವವನು, ಕೆಳಗಿಳಿದ ಮೇಲೆ ಯಾರಾದರೂ “ಅಣ್ಣಾ, ನಿನ್ನ ಬಿಟ್ರ ನನಗ್ಯಾರದಾರ” ಅಂದರೆ ಮುಗಿಯಿತು, ಕೇಳಿದ ಕಡೆಯೆಲ್ಲ ಜಾಮೀನಿನ ಸಹಿ ಬೀಳುತ್ತಿತ್ತು. ಸಾಲ ತಗೊಂಡವರು ಕಟ್ಟಲಿಲ್ಲ. ಪಗಾರದಲ್ಲಿ ಕಡಿತ ಶುರುವಾಗಿ ಎಷ್ಟೋ ಕಾಲವಾಯಿತು. ಯಾರದೋ ಟ್ರ್ಯಾಕ್ಟರಿನ ಕಂತಿಗೆ ಮೌನೇಶ್ವರಿಯ ಬಂಗಾರದ ಬೋರಮಾಳ ಸರ ಹೋಯಿತು. ಆ ಟ್ರ್ಯಾಕ್ಟರನ್ನು ಅವಳು ಕಣ್ಣಿಂದ ಸಹ ನೋಡಿರಲಿಲ್ಲ.

“ನೀನಾ ಹಾಕಿಬಿಡು, ಕೊಟ್ರೇಶಪ್ಪ,” ಎಂದ ಗದ್ದೆಪ್ಪ.

“ನೌಕರರು ಹಾಕಂಗಿಲ್ರಿ, ರೂಲ್ಸ್ ಅದ,” ಎಂದ ಕಾರ್ಯದರ್ಶಿ ಕೊಟ್ರೇಶ, ಕಪಾಟಿಗೆ ಬೀಗ ಹಾಕುತ್ತ.

“ಇದು ಹಿಂಗಾ ಉಳದ್ರ ಏನಾಗ್ತದ?”

“ನೀವು ಆರಾಮಾಗಿ ಬಂದ್ರ ಏನೂ ಆಗಂಗಿಲ್ಲ.” ಕೊಟ್ರೇಶ ಕೀಲಿ ಗೊಂಚಲನ್ನು ನೋಡುತ್ತ ನಿಂತ. “ಬರದಿದ್ರ ದುಡ್ಡು ಹುಲಿಗೇಶನ ಹೆಸರಿಗೆ ಬರ್ತದ. ಅವನ ಹೆಸರಿಗೆ ಬಂತು ಅಂದ್ರ, ಜಾಮೀನಿನ ಬಾಕಿಗೆ ಸಂಘ ಹಿಡಕೊಳ್ತದ. ಸೊಸಿಗೆ, ಮೊಮ್ಮಗಳಿಗೆ ಏನೂ ಉಳಿಯಂಗಿಲ್ರಿ. ಆ ನೋಟೀಸ್ ನಾನಾ ಬರೀಬೇಕಾಗ್ತದ. ಅದಕ್ಕಾ ಹೇಳಾಕತ್ತೀನಿ, ಇವತ್ತಾ ಮುಗಿಸ್ರಿ.”

“ಯಾರನ್ನ ಕರೀಲೋ ಇನ್ನ. ಕರದು ಕರದು ಬಾಯಿ ಒಣಗ್ಯಾದ.”

ಅಷ್ಟರಲ್ಲಿ ಹುಲಿಗೇಶನೇ ಬಂದ. ಡ್ಯೂಟಿ ಮುಗಿಸಿ ಅಪ್ಪನನ್ನು ಊರಿಗೆ ಕರೆದುಕೊಂಡು ಹೋಗಲು ಬಂದವನು. ಖಾಕಿ ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. “ಗುಳಿಗಿ ತಗೊಂಡ್ಯಾ ಇಲ್ಲೋ, ಯಪ್ಪಾ? ಇಲ್ಲೇನು ಮಾಡಾಕತ್ತಿ ಇಷ್ಟೊತ್ತು?”

ಕೊಟ್ರೇಶ ಗದ್ದೆಪ್ಪನ ಕಿವಿಯ ಹತ್ತಿರ ಬಗ್ಗಿದ. “ಇವನೂ ಮೆಂಬರ್ ಅದಾನ್ರಿ. ಇವನಾ ಸಾಕ್ಷಿ ಹಾಕಿದ್ರ ಮುಂದ ಯಾರೂ ತಕರಾರು ತಗಿಯಂಗಿಲ್ಲ.”

ಗದ್ದೆಪ್ಪ ಮಗನನ್ನು ನೋಡಿದ. ಹೇಳಬೇಕಾದ ಮಾತುಗಳನ್ನು ಪೋತ್ನಾಳದಿಂದ ಬರುವಾಗ ಬಸ್ಸಿನಲ್ಲೇ ಜೋಡಿಸಿಕೊಂಡಿದ್ದ. ನಿನ್ನ ಮ್ಯಾಲೆ ಸಿಟ್ಟಿಲ್ಲಪ್ಪ, ಆದರ ನಿನ್ನ ಕೈಯಾಗ ಕೊಟ್ಟಿದ್ದು ಊರಿಗೆ ಕೊಟ್ಟಂಗ, ಅನ್ನಬೇಕು ಅಂದುಕೊಂಡಿದ್ದ. ಎದುರಿಗೆ ಆ ದಣಿದ ಮುಖ ನಿಂತಾಗ ಅದನ್ನೆಲ್ಲ ಬಿಟ್ಟುಬಿಟ್ಟ.

“ನಿಂದೊಂದು ಸಹಿ ಬೇಕಾಗಿತ್ತಪ್ಪ,” ಎಂದ. ಆ ದನಿ ಸಂಘದ ಬಾಗಿಲಲ್ಲಿ ಸಾಲಕ್ಕೆ ನಿಂತವರ ದನಿಯ ಹಾಗೇ ಇತ್ತು, ಅವನಿಗೇ ಕೇಳಿಸಿತು.

ಹುಲಿಗೇಶ ಜೇಬಿನಿಂದ ಪೆನ್ನು ತೆಗೆದೇಬಿಟ್ಟ. ಗದ್ದೆಪ್ಪ ಕಾಗದವನ್ನು ಅವನ ಕಡೆ ತಿರುಗಿಸಿ, ಮೌನೇಶ್ವರಿಯ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟ.

“ಓದಿ ಹಾಕಪ್ಪ.”

“ನೀ ಕೊಟ್ಟಿದ್ದೇನು ಓದೂದು, ಯಪ್ಪಾ. ಬಾ, ಬಸ್ಸು ಹೊಂಡ್ತದ.”

ಅಪ್ಪನ ಬೆರಳು ಅಡ್ಡ ಬಂದಿತ್ತು. ಹುಲಿಗೇಶ ಅದನ್ನು ಮೆಲ್ಲಗೆ ಹಿಡಿದು ಪಕ್ಕಕ್ಕೆ ಸರಿಸಿ, ಖಾಲಿ ಇದ್ದ ಜಾಗದಲ್ಲಿ ಸಹಿ ಹಾಕಿದ.