ಇನ್ನೊಂದಿಲ್ಲದ ಹೆಸರು

ಕೂಸನ್ನು ತೊಟ್ಟಿಲಿಗೆ ಹಾಕಿದ್ದಾಯಿತು. ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆಯ ನಾಲಿಗೆ ಮಾತ್ರ ಹೊರಳಲೊಲ್ಲದು.

"ರುಸುವಿ... ಏನಂದಿ ತಮ್ಮಾ?"

"ಋಷ್ವಿಕಾ! ಮೊಬೈಲ್‌ನಾಗ ಹುಡುಕೀನಿ. ನಮ್ಮ ಜಿಲ್ಲಾದಾಗ ಇಂಥಾ ಹೆಸರು ಇನ್ನೊಂದಿಲ್ಲ," ಎಂದ ಕೂಸಿನ ಅಪ್ಪ.

ಬಾಣಂತಿ ಗೋಡೆ ನೋಡುತ್ತ ಕೂತಿದ್ದಳು. ಈ ಸಡಗರವೆಲ್ಲ ಪಕ್ಕದ ಮನೆಯದೆಂಬಂತೆ ಅವಳಿಗೆ ಕೇಳಿಸುತ್ತಿತ್ತು.

"ತಿಪ್ಪವ್ವ ಅಂತ ಕರೀರಿ," ಎಂದಳು.

ಜೋಗುಳ ಹಾಡುತ್ತಿದ್ದ ಹೆಂಗಸರು ಅವಳತ್ತ ತಿರುಗಿದರು. ಗಂಡ ಮುಖ ಸಿಂಡರಿಸಿದ.

"ತಿಪ್ಪಿಗುಂಡಿ ಹೆಸರು! ಈಗಿನ ಕಾಲದಾಗ ಯಾರರ ಇಡ್ತಾರೇನ? ಮಂದಿ ನಗತಾರ. ಚಂದನ್ನ ಹೆಸರು ಇರಲಿ."

ತೂಗುತ್ತಿದ್ದ ತೊಟ್ಟಿಲನ್ನು ಅವಳು ಕೈಯಿಂದ ಹಿಡಿದು ನಿಲ್ಲಿಸಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ಮಣ್ಣು ಮಾಡಿದ ಎರಡೂ ಕೂಸಿಗೆ ಚಂದನ್ನ ಹೆಸರೇ ಇಟ್ಟಿದ್ವಲ್ರೀ."