ಮೇಲಿನ ಸಂಖ್ಯೆ

ಮದುವೆಯ ಮಾತುಕತೆಗೆಂದು ಹೋಟೆಲಿನಲ್ಲಿ ಭೇಟಿಯಾಗಿದ್ದ ಇಬ್ಬರಿಗೂ ಕಾಫಿ ಮುಗಿದರೂ ಮಾತು ಹೊರಟಿರಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ಸರ್ವಮಂಗಳಾ. ಮಹದೇವಸ್ವಾಮಿಯದು ಕನ್ನಡಕದ ಅಂಗಡಿ.

"ಭಿನ್ನರಾಶಿ ಅಂದ್ರೆ ನನಗೆ ಇವತ್ತಿಗೂ ಭಯ, ಮೇಡಂ," ಎಂದ ಆತ ಕೊನೆಗೆ.

ಆಕೆ ನಕ್ಕು, ಬಿಲ್ಲಿನ ಹಿಂಬದಿಯಲ್ಲಿ ಬ್ರೋಕರ್ ಹೇಳಿದ್ದ ವಯಸ್ಸುಗಳನ್ನೇ ಬರೆದಳು. ಮೇಲೆ ತನ್ನ ನಲವತ್ತು, ಕೆಳಗೆ ಆತನ ನಲವತ್ತೈದು.

"ಎರಡನ್ನೂ ಐದರಿಂದ ಭಾಗಿಸಿ. ಎಂಟು ಬೈ ಒಂಬತ್ತು. ಇದಕ್ಕಿಂತ ಚಿಕ್ಕದಾಗಲ್ಲ. ಇಷ್ಟಕ್ಕೆ ಭಯಾನಾ?"

ಆತ ಹಣೆ ಒರೆಸಿಕೊಂಡ. "ಕೆಳಗಿರೋದು ತಪ್ಪು, ಮೇಡಂ. ನನಗೆ ನಲವತ್ತೆಂಟು. ಮೂರು ವರ್ಷ ಕಮ್ಮಿ ಹೇಳಿಸಿದ್ದೆ."

ಆಕೆ ಗಂಭೀರವಾಗಿ ತಿದ್ದಿದಳು. "ಎಂಟರಿಂದ ಭಾಗಿಸಿದ್ರೆ ಐದು ಬೈ ಆರು. ನೋಡಿ, ನಿಜ ಹೇಳಿದ ತಕ್ಷಣ ಲೆಕ್ಕ ಎಷ್ಟು ಸಲೀಸಾಯ್ತು!"

"ತಮಾಷೆ ಮಾಡ್ಬೇಡಿ. ಬೇಡ ಅನ್ನೋದಾದ್ರೆ ಹೇಳ್ಬಿಡಿ, ಹೊರಡ್ತೀನಿ."

"ಕೂತ್ಕೊಳ್ಳಿ, ಲೆಕ್ಕ ಇನ್ನೂ ಮುಗಿದಿಲ್ಲ."

ಆಕೆ ಮೇಲಿನ ನಲವತ್ತನ್ನು ಹೊಡೆದುಹಾಕಿ, ಅಲ್ಲಿಯೂ ನಲವತ್ತೆಂಟು ಎಂದು ಬರೆದು, ತಲೆಯೆತ್ತದೆ ಪೆನ್ನನ್ನು ಆತನ ಕೈಗಿತ್ತಳು.

"ಮೇಲಿದ್ದದ್ದೂ ತಪ್ಪೇ. ಈಗ ನೀವೇ ಮಾಡಿ."

ಆತ ಮೇಲಿನದನ್ನೂ ಕೆಳಗಿನದನ್ನೂ ಹೊಡೆದುಹಾಕಿ, ದೊಡ್ಡದಾಗಿ 'ಒಂದು' ಎಂದು ಬರೆದ.